ಖಾಲಿ ಬಂದ ತಟ್ಟೆ

ವೆಲ್ಡ್‌ಹೋವನ್
ನವೆಂಬರ್ ೧೮, ೨೦೨೪

ವಾಸಂತಿ ಅಕ್ಕನಿಗೆ ರಮಾನಾಥನ ನಮಸ್ಕಾರ.

ಲಕೋಟೆ ನೋಡಿ ಗಾಬರಿಯಾಗಬೇಡಿ. ಎಲ್ಲರೂ ಇದ್ದೇವೆ. ಈಗಿನ ಕಾಲದಲ್ಲಿ ಅಂಚೆಯವ ಬಾಗಿಲಿಗೆ ಬಂದರೆ ಒಂದೋ ಕೋರ್ಟಿನ ನೋಟೀಸು, ಇಲ್ಲವೇ ವಿಮೆಯವರ ನೆನಪೋಲೆ. ಮೂರನೆಯದು ನಾನು. ಫೋನಿನಲ್ಲಿ ಬರೆದು ಕಳಿಸಬಹುದಿತ್ತು. ಆದರೆ ನಿಮಗೆ ಕಳಿಸಿದ್ದನ್ನು ನಿಮ್ಮ ಮಗ ಅವಿನ್ ಓದಿ, ನಿಮ್ಮ ಕಿವಿಗೆ ಮುಟ್ಟುವಷ್ಟು ಗಟ್ಟಿಯಾಗಿ ಕೂಗಿ ಹೇಳುತ್ತಾನೆ. ಅಷ್ಟರೊಳಗೆ ಕಾರ್ಕಳ ಪೇಟೆಯ ಅರ್ಧಕ್ಕೆ ವಿಷಯ ಗೊತ್ತಾಗಿರುತ್ತದೆ. ನಾನು ಕೇಳಬೇಕಾದದ್ದು ಹಾಗೆ ಕೂಗಿ ಕೇಳುವಂಥದ್ದಲ್ಲ. ಹೆಂಗಸರ ವಿಷಯ.

ಹೋದ ಮಂಗಳವಾರ ಶರ್ಮಿಳಾಗೆ ಹೆಣ್ಣುಮಗುವಾಯಿತು. ಇಷ್ಟು ಅವಿನ್ ಕೂಗಿರುತ್ತಾನೆ. ಹೆಸರು ಹಿತಾ. ಪುರುಡು ಕಳೆಯದೆ ಹೆಸರೇ ಎಂದು ಕೇಳಬೇಡಿ. ಈ ಡಚ್ಚರ ದೇಶದಲ್ಲಿ ಹುಟ್ಟಿದ ಮೂರೇ ದಿನದೊಳಗೆ ಹೆಸರು ಬರೆಸಬೇಕಂತೆ. ಊರಿನ ಪುರೋಹಿತರು ಅಕ್ಷರ ಹುಡುಕುವಷ್ಟರಲ್ಲಿ ಇಲ್ಲಿನ ಪುರಸಭೆಯವರು ನಾಮಕರಣ ಮುಗಿಸಿದರು.

ಚೊಚ್ಚಲ ಬಾಣಂತನ ತವರಿನದು. ನಿಮ್ಮ ತಂಗಿ ಪುಷ್ಪಾವತಿ ಇದ್ದಿದ್ದರೆ ನಾನು ಹುಬ್ಬಳ್ಳಿಯ ಹೋಟೆಲಿನಲ್ಲಿ ಗಲ್ಲಾದ ಮೇಲೆ ಕೂತು ಪೇಡೆ ಹಂಚುತ್ತಿದ್ದೆ. ಅವಳು ಹೋಗಿ ನಾಲ್ಕು ವರ್ಷ. ನಿಮಗೆ ವಿಮಾನ ಕೂಡದೆಂದು ಡಾಕ್ಟರು ಹೇಳಿದ್ದಾರೆ. ಅಳಿಯ ವಿಖ್ಯಾತನ ತಾಯಿಗೆ ಮಂಡಿ ಆಪರೇಷನ್. ಹಾಗಾಗಿ ತವರುಮನೆ ಎಂದರೆ ಈಗ ನಾನೊಬ್ಬ, ಎರಡು ಸೂಟ್‌ಕೇಸು. ಒಂದರಲ್ಲಿ ಲೇಹ್ಯ, ಮೆಂತ್ಯ, ಓಮ, ತೆಂಗಿನೆಣ್ಣೆ. ಇನ್ನೊಂದರಲ್ಲಿ ಕುಚ್ಚಲಕ್ಕಿ, ನಡುವೆ ಎಲ್ಲೋ ನನ್ನ ಅಂಗಿ. ಹೋಟೆಲನ್ನು ಮ್ಯಾನೇಜರ್ ಅನಂತರಾಮನ ತಲೆಗೆ ಕಟ್ಟಿ ಬಂದಿದ್ದೇನೆ.

ಇಲ್ಲಿನ ಮನೆ ಹೇಗೆಂದರೆ, ಅಡಿಗೆ ಕೆಳಗೆ, ಮಲಗುವುದು ಮೇಲೆ, ನಡುವೆ ಮೆಟ್ಟಿಲು ಎಂಬ ಹೆಸರಿನ ಏಣಿ. ನನ್ನ ಮೊಣಕಾಲಿಗೆ ಅದು ಸೇರುವುದಿಲ್ಲವೆಂದು ಕೆಳಗೆ ಸೋಫಾದಲ್ಲೇ ಮಲಗುತ್ತೇನೆ. ಸೇರಿದರೂ ಬಾಣಂತಿ ಕೋಣೆಗೆ ನಾನು ಹೋಗುವುದೆಂತು? ಮಗುವಿಗೆ ಹಾಲು ಕೊಡುತ್ತಿರುತ್ತಾಳೆ. ಹಾಗಾಗಿ ಅಡಿಗೆ ಮಾಡಿ ತಟ್ಟೆಗೆ ಬಡಿಸಿ ಮೆಟ್ಟಿಲ ಬುಡದಲ್ಲಿ ನಿಲ್ಲುತ್ತೇನೆ. ವಿಖ್ಯಾತ್ ಮೇಲೆ ಒಯ್ಯುತ್ತಾನೆ, ಖಾಲಿ ತಟ್ಟೆ ಕೆಳಗೆ ತರುತ್ತಾನೆ. ಮೇಲಿನಿಂದ ಅವಳ ಸ್ವರ ಬರುತ್ತದೆ: “ತುಂಬ ಚೆನ್ನಾಗಿತ್ತು ಅಪ್ಪ.”

ಒಬ್ಬ ದಾದಿಯನ್ನು ವಿಮೆಯವರು ಮನೆಗೇ ಕಳಿಸುತ್ತಾರೆ, ಮೊದಲ ಒಂದು ವಾರಕ್ಕೆ. ಹೆನ್ನಿ ಎಂದು ಹೆಸರು, ನನ್ನ ವಯಸ್ಸಿಗೆ ಸ್ವಲ್ಪ ಕಡಿಮೆ. ಬಂದವಳೇ ಮಂಚದ ಕಾಲುಗಳ ಕೆಳಗೆ ಮರದ ದಿಮ್ಮಿ ಇಟ್ಟು ಎತ್ತರ ಮಾಡಿಸಿದಳು. ಬಾಣಂತಿಯ ಸುಖಕ್ಕೆ ಎಂದುಕೊಂಡೆ. ಅಲ್ಲವಂತೆ, ಬಗ್ಗಿದರೆ ಹೆನ್ನಿಯ ಬೆನ್ನು ನೋಯುತ್ತದಂತೆ. ಈ ದೇಶ ನನಗೆ ಅರ್ಥವಾಗಲು ಶುರುವಾದದ್ದು ಅಲ್ಲಿಂದ. ಮಗು ಹುಟ್ಟಿದರೆ ಇಲ್ಲಿಯವರು ರಸ್ಕಿಗೆ ಬೆಣ್ಣೆ ಸವರಿ, ಮೇಲೆ ಸಕ್ಕರೆ ಕಟ್ಟಿದ ಬಡೇಸೋಪಿನಂಥ ಕಾಳು ಹಾಕಿ ಹಂಚುತ್ತಾರೆ. ಬಾಣಂತಿಗೆ ಹಾಲು ಬರಲಿ ಎಂದು. ಅಷ್ಟು ಬುದ್ಧಿ ಇದೆ. ಆದರೆ ಈ ಚಳಿಯಲ್ಲಿ ಕಿಟಕಿ ತೆರೆದಿಡುತ್ತಾರೆ.

ಹೆನ್ನಿ ನನ್ನನ್ನು ಬೈದದ್ದಕ್ಕೆ ಲೆಕ್ಕವಿಲ್ಲ. ಕಾಳುಮೆಣಸಿನ ಘಾಟು, ಬೆಳ್ಳುಳ್ಳಿ ವಾಸನೆ, ಧೂಪ ಹಾಕಿದ್ದಕ್ಕೆ ಕೂಗಿದ ಹೊಗೆ ಗಂಟೆ. ಆದರೂ ಆಕೆ ನನಗೆ ಇಷ್ಟ. ಗಲ್ಲಾದ ಮೇಲೆ ಜೀವಮಾನ ಕೂತು ಕಲಿತದ್ದು ಇದೊಂದೇ: ಉಪ್ಪು ಕಡಿಮೆ ಎಂದು ಬೈದವನು ನಾಳೆ ಬರುತ್ತಾನೆ, ಚೆನ್ನಾಗಿತ್ತು ಎಂದು ಮೆಲ್ಲಗೆ ಹೇಳಿ ಕೈ ತೊಳೆದವನು ಮತ್ತೆ ಆ ರಸ್ತೆಗೇ ಬರುವುದಿಲ್ಲ.

ಆಕೆ ಒಂದು ಸಂಗತಿ ಹೇಳಿದಳು. ಅವಳ ಮುತ್ತಜ್ಜಿಯ ತಾಯಿಯ ಕಾಲ, ಅಂದರೆ ಸಾವಿರದ ಎಂಟುನೂರ ಎಷ್ಟೋ ಇಸವಿ. ಬಾಣಂತಿ ಗೋಡೆಯೊಳಗಿನ ಬೀರುವಿನಂಥ ಹಾಸಿಗೆಯಲ್ಲಿ ಮಲಗಿರಬೇಕು. ಚರ್ಚಿಗೆ ಹೋಗಿ ಪಾದ್ರಿಯಿಂದ ಆಶೀರ್ವಾದ ಪಡೆಯುವವರೆಗೆ ಊರಲ್ಲಿ ತಿರುಗುವ ಹಾಗಿಲ್ಲ. ನೆರೆಮನೆಯ ಹೆಂಗಸರು ಸರದಿಯಲ್ಲಿ ಬಂದು ಅವಳ ಹತ್ತಿರವೇ ಕೂತು ಉಂಡು ಹೋಗುತ್ತಿದ್ದರಂತೆ. ನೋಡಿ, ಇವರಿಗೂ ಪುರುಡು ಇತ್ತು. ಎಲ್ಲಿ ಕಳೆದುಕೊಂಡರೋ.

ಈಗ ಕೇಳಬೇಕಾದದ್ದು. ಹೊಲಿಗೆ ಹಾಕಿದ್ದಾರೆ, ಬಿಸಿನೀರು ಹುಯ್ಯಬಹುದೇ, ಕಾಯಬೇಕೇ? ಹೊಟ್ಟೆಗೆ ಬಟ್ಟೆ ಕಟ್ಟುವುದು ಯಾವಾಗ? ಹಾಲು ಕಟ್ಟಿಕೊಂಡು ನೋವಾದರೆ ಏನು ಮಾಡಬೇಕು? ಅವಳು ನನ್ನ ಹತ್ತಿರ ಹೇಳುವುದಿಲ್ಲ, ನಾನು ಕೇಳುವುದಿಲ್ಲ. ಹಾಲು ಬರಲೆಂದು ಬಾಣಂತಿಗೆ ಕೊಡುವ ತಾಟೆ ಮೀನು ಇಲ್ಲಿ ಸಿಗುವುದಿಲ್ಲ, ಬದಲಿಗೆ ಏನು? ಬೇಗ ಬರೆಯಿರಿ.

ನಿಮ್ಮ ತಂಗಿಯ ಕೆಲಸ ಮಾಡುತ್ತಿರುವ,
ರಮಾನಾಥ


ವೆಲ್ಡ್‌ಹೋವನ್
ಡಿಸೆಂಬರ್ ೧, ೨೦೨೪

ಅಕ್ಕನಿಗೆ ನಮಸ್ಕಾರ.

ನಿಮ್ಮ ಉತ್ತರ ಬಂದಿಲ್ಲ. ನನ್ನ ಪತ್ರವೇ ನಿಮಗೆ ತಲುಪಿದೆಯೋ, ದಾರಿಯಲ್ಲಿ ಎಲ್ಲಾದರೂ ಚಹಾ ಕುಡಿಯುತ್ತಾ ಕೂತಿದೆಯೋ. ಕೇಳಿದ ಪ್ರಶ್ನೆಗಳ ಪೈಕಿ ಅರ್ಧ ಹಳೆಯದಾದವು. ಬಿಸಿನೀರಿನ ವಿಷಯಕ್ಕೆ ಹೆನ್ನಿ ತಲೆ ಅಲ್ಲಾಡಿಸಿದಳು, ಹೊಟ್ಟೆಗೆ ಬಟ್ಟೆ ಕಟ್ಟುವುದಕ್ಕೆ ನಕ್ಕಳು. ಆಮೇಲೆ ಅವಳ ವಾರವೂ ಮುಗಿಯಿತು. ಹೋಗುವಾಗ ನನ್ನ ಕೈ ಹಿಡಿದು ಏನೋ ಹೇಳಿದಳು. ಅಳಿಯ ಕನ್ನಡ ಮಾಡಿದ: “ಮಗಳನ್ನು ನೋಡ್ಕೊಳ್ಳಿ, ಅಡಿಗೆಯನ್ನಲ್ಲ ಅಂತಿದ್ದಾಳೆ ಮಾವ.” ಮೆಣಸಿನ ಘಾಟಿನ ಸಿಟ್ಟು ಇನ್ನೂ ಇಳಿದಿಲ್ಲ ಎಂದುಕೊಂಡೆ.

ನನಗೆ ಈಗ ಕೆಲಸ ಕೈಗೆ ಹತ್ತಿದೆ. ಕತ್ತಲಿರುವಾಗಲೇ ಎದ್ದು ಮೆಂತ್ಯದ ಗಂಜಿ. ಆಮೇಲೆ ಬೆಳ್ಳುಳ್ಳಿ ಹುರಿದು ಮೆಣಸಿನ ಸಾರು. ಮಧ್ಯಾಹ್ನಕ್ಕೆ ಕೋಳಿ, ಸಂಜೆಗೆ ಓಮದ ಕಷಾಯ, ಲೇಹ್ಯ. ಉಪ್ಪು, ಹುಳಿ, ಖಾರ ಎಲ್ಲ ಪಥ್ಯಕ್ಕೆ ಸರಿಯಾಗಿ. ನೂರು ಎಲೆ ಹಾಕಿದವನಿಗೆ ಒಂದು ತಟ್ಟೆ ಏನು ಮಹಾ ಎಂದು ನೀವು ಹೇಳಬಹುದು. ನೂರು ಎಲೆ ಸುಲಭ ಅಕ್ಕ. ಅಲ್ಲಿ ಹತ್ತು ಜನ ಬಿಟ್ಟೆದ್ದರೆ ಉಳಿದವರು ತುಂಬುತ್ತಾರೆ. ಇಲ್ಲಿ ಒಂದೇ ತಟ್ಟೆ, ಅದರ ಮೇಲೇ ಕಣ್ಣು.

ಆದರೆ ತಟ್ಟೆ ಖಾಲಿ ಬರುತ್ತಿದೆ. ಒಂದು ಅಗುಳೂ ಇಲ್ಲ. ಕರಿಬೇವು ಕೂಡ ಇಲ್ಲ! ಹಾಲುಣಿಸುವ ಹೊಟ್ಟೆ, ಹಸಿವು ಜಾಸ್ತಿ ಎಂದು ಮೊನ್ನೆಯಿಂದ ಅನ್ನ ಒಂದು ಸೌಟು ಹೆಚ್ಚು ಮಾಡಿದ್ದೇನೆ. ಅದೂ ಖಾಲಿ. “ತುಂಬ ಚೆನ್ನಾಗಿತ್ತು ಅಪ್ಪ.” ಅಷ್ಟೇ ಮಾತು, ದಿನವೂ ಅದೇ ತೂಕ.

ವಿಖ್ಯಾತನ ರಜೆ ಮುಗಿದು ವಾರದಲ್ಲಿ ಮೂರು ದಿನ ಆಫೀಸಿಗೆ ಸೈಕಲ್ಲಿನಲ್ಲಿ ಹೋಗುತ್ತಾನೆ. ಅವನಿಲ್ಲದ ದಿನ ಶರ್ಮಿಳಾ ಅರ್ಧ ಮೆಟ್ಟಿಲಿಳಿದು ತಟ್ಟೆ ತೆಗೆದುಕೊಳ್ಳುತ್ತಾಳೆ. ಸ್ವಲ್ಪ ಬಡವಾದ ಹಾಗೆ ಕಂಡಳು. ಸ್ವೆಟರು ದೊಡ್ಡದಿರಬೇಕು. ಅಳಿಯನಿಗಂತೂ ಈ ದೇಶದ ಹವೆ ಹಿಡಿಸಿದೆ. ಕೆನ್ನೆ ತುಂಬಿದೆ, ಚರ್ಮಕ್ಕೆ ಎಣ್ಣೆ ಹಚ್ಚಿದ ಹಾಗೆ ಹೊಳಪು, ಪ್ಯಾಂಟಿನ ಗುಂಡಿಗೆ ದಾರ ಕಟ್ಟಿಕೊಂಡು ಹೋಗುತ್ತಾನೆ. “ಎಂತ ಮಾರಾಯ, ಬಾಣಂತಿ ನೀನೋ ಅವಳೋ?” ಎಂದು ತಮಾಷೆ ಮಾಡಿದೆ. ನಗಲಿಲ್ಲ. ಇಂಜಿನಿಯರುಗಳಿಗೆ ತಮಾಷೆ ತಿಳಿಯುವುದು ತಡ.

ಮಗು ಅಳುತ್ತದೆ. ನಾನು ಕೆಳಗೆ ಕೂತು ಕೇಳಿಸಿಕೊಳ್ಳುತ್ತೇನೆ. ಕೆಲವು ಸಲ ತುಂಬ ಹೊತ್ತು ಅಳುತ್ತದೆ. ಅವಳು ಮಲಗಿರಬೇಕು.

ಇಲ್ಲಿ ಮೋಡ, ಮಳೆ, ಮತ್ತೆ ಮೋಡ. ಸೊಂಟ ನೋಯುತ್ತಿದೆ. ಆದರೂ ತಟ್ಟೆ ಖಾಲಿ ಬಂದರೆ ನಿದ್ದೆ ಬರುತ್ತದೆ.

ಇಂತು,
ರಮಾನಾಥ


ಕಾರ್ಕಳ
ಡಿಸೆಂಬರ್ ೩, ೨೦೨೪

ರಮಾನಾಥ ಭಾವನಿಗೆ ವಾಸಂತಿಯ ಆಶೀರ್ವಾದ, ಮಗುವಿಗೆ ಮುತ್ತು.

ನಿಮ್ಮ ಮೊದಲ ಪತ್ರ ನಿನ್ನೆ ಸಿಕ್ಕಿತು. ನೀವು ಕೇಳಿದ್ದಕ್ಕೆ ಉತ್ತರ ಬರೆಯುವುದಿಲ್ಲ. ಇದು ನಿಮ್ಮ ಕೈ ಸೇರುವಾಗ ಮಗುವಿಗೆ ತಿಂಗಳು ದಾಟಿರುತ್ತದೆ. ಹೊಲಿಗೆ ತಾನಾಗಿ ಮಾಗಿರುತ್ತದೆ, ಹಾಲು ಬಂದಿದ್ದರೆ ಬಂದಿರುತ್ತದೆ. ಹಳಸಿದ ಪ್ರಶ್ನೆಗೆ ಬಿಸಿ ಉತ್ತರ ಕೊಟ್ಟು ಎಂತ ಪ್ರಯೋಜನ? ಆದ್ದರಿಂದ ನೀವು ಇದನ್ನು ಓದುವ ದಿನ ಅಲ್ಲಿ ಏನು ನಡೆಯುತ್ತಿರಬಹುದೋ ಅದಕ್ಕೇ ಬರೆಯುತ್ತೇನೆ.

ದಾದಿ ಹೋಗಿರುತ್ತಾಳೆ. ಅಳಿಯ ಆಫೀಸಿಗೆ ಹೋಗುತ್ತಿರುತ್ತಾನೆ. ಮಗು ನೋಡಲು ಬರುವವರು ಬಂದು ಮುಗಿದಿರುತ್ತಾರೆ. ಮನೆಯಲ್ಲಿ ಸದ್ದಿರುವುದಿಲ್ಲ. ನೀವು ಕೆಳಗೆ ಅಡಿಗೆ ಮಾಡುತ್ತಾ, ತಟ್ಟೆ ಖಾಲಿ ಬಂತು ಎಂದು ಹಿಗ್ಗುತ್ತಿರುತ್ತೀರಿ.

ಭಾವ, ತಟ್ಟೆಯನ್ನು ನಂಬಬೇಡಿ.

ನನಗೆ ಅವಿನ್ ಹುಟ್ಟಿದಾಗಿನ ಬಾಣಂತನ. ಅಮ್ಮ ದಿನವೂ ತಾಟೆ ಮೀನಿನ ಸಾರು ಮಾಡಿ ಕೋಣೆಗೆ ಕಳಿಸುತ್ತಿದ್ದಳು. ನನಗೆ ತುತ್ತು ಎತ್ತಿದರೆ ಗಂಟಲು ಮುಚ್ಚಿಕೊಳ್ಳುತ್ತಿತ್ತು. ಯಾಕೆ ಎಂದು ಕೇಳಿದರೆ ನನಗೇ ಗೊತ್ತಿರಲಿಲ್ಲ. ಹೇಳಿದರೆ ಅಮ್ಮ ನೊಂದುಕೊಳ್ಳುತ್ತಾಳೆ ಎಂದು ಕಿಟಕಿಯಿಂದ ಬೆಕ್ಕಿಗೆ ಹಾಕುತ್ತಿದ್ದೆ. ಅಮ್ಮನಿಗೆ ಖುಷಿಯೇ ಖುಷಿ, ಮಗಳು ಉಣ್ಣುತ್ತಾಳೆ ಎಂದು. ಬೆಕ್ಕು ಎಷ್ಟು ಮಿಂಚಿತೆಂದರೆ ಊರಿನವರು ಅದರ ಬಾಣಂತನ ಯಾರು ಮಾಡಿದ್ದು ಎಂದು ಕೇಳುತ್ತಿದ್ದರು. ನನ್ನ ಎಲುಬು ಎಣಿಸಬಹುದಿತ್ತು. ಯಾರೂ ಎಣಿಸಲಿಲ್ಲ, ಎಲ್ಲರೂ ತಟ್ಟೆ ನೋಡುತ್ತಿದ್ದರು.

ಕಂಡುಹಿಡಿದವಳು ಯಾರು ಗೊತ್ತುಂಟಾ? ನಿಮ್ಮ ಪುಷ್ಪ. ಆಗ ಅವಳಿಗೆ ನಿಮ್ಮ ಜೊತೆ ಮದುವೆ ಕೂಡ ಆಗಿರಲಿಲ್ಲ. ಬೆಕ್ಕು ನೋಡಿದಳು, ನನ್ನನ್ನು ನೋಡಿದಳು. ಅಮ್ಮನಿಗೆ ಚಾಡಿ ಹೇಳಲಿಲ್ಲ. ಮರುದಿನದಿಂದ ತಟ್ಟೆ ತಾನೇ ತಂದು, ಚಾಪೆಯ ಮೇಲೆ ನನ್ನ ಎದುರು ಕೂತು, ನನ್ನ ತಟ್ಟೆಯಿಂದಲೇ ಉಣ್ಣಲು ಶುರುಮಾಡಿದಳು. “ಅಕ್ಕ, ನೀನು ಉಣ್ಣು” ಎಂದು ಒಂದು ದಿನವೂ ಹೇಳಲಿಲ್ಲ. ಊರಿನ ಸುದ್ದಿ ಹೇಳುತ್ತಾ ತಾನು ಉಣ್ಣುತ್ತಿದ್ದಳು. ಎಷ್ಟೋ ದಿನದ ಮೇಲೆ ನನ್ನ ಕೈ ತಾನಾಗಿ ತಟ್ಟೆಗೆ ಹೋಯಿತು.

ನಿಮ್ಮ ಕಷ್ಟ ನನಗೆ ಗೊತ್ತು. ಹೋಟೆಲಿನವರು ನೀವು. ಎಲ್ಲರೂ ಉಂಡ ಮೇಲೆ ಅಡಿಗೆಮನೆಯಲ್ಲಿ ನಿಂತುಕೊಂಡು ಉಂಡವರು. ಮಗಳ ಎದುರು ಕೂತು ಎಂದಾದರೂ ಉಂಡದ್ದುಂಟಾ? ಬಾಣಂತಿ ಕೋಣೆಗೆ ಗಂಡಸು ಹೋಗಬಾರದು ಎಂದು ಮಾಡಿದ್ದು ನಾವು ಹೆಂಗಸರು, ನಿಮ್ಮ ಕಾಟವಿಲ್ಲದೆ ಸ್ವಲ್ಪ ಮಲಗೋಣ ಎಂದು. ನಾವು ಮಾಡಿದ್ದನ್ನು ನಾನೇ ತೆಗೆದೆ. ಮೆಟ್ಟಿಲು ಹತ್ತಿ.

ನನ್ನ ಊಹೆ ಸುಳ್ಳಾದರೆ ಈ ಮುದುಕಿಗೆ ಅರಳುಮರಳು ಎಂದುಕೊಂಡು ಪತ್ರ ಹರಿದು ಹಾಕಿ. ಸುಳ್ಳಾಗಲಿ ಎಂದೇ ಆಸೆ.

ವಾಸಂತಿ


ವೆಲ್ಡ್‌ಹೋವನ್
ಡಿಸೆಂಬರ್ ೧೯, ೨೦೨೪

ಅಕ್ಕ,

ನಿಮ್ಮ ಪತ್ರ ಮೊನ್ನೆ ಮಧ್ಯಾಹ್ನ ಬಂತು. ಬಾಗಿಲ ಸಂದಿಯಿಂದ ಬಿದ್ದದ್ದನ್ನು ಅಲ್ಲೇ ನಿಂತು ಓದಿದೆ. ಬೆಕ್ಕಿನ ಕಥೆಗೆ ನಕ್ಕೆ. ನಗು ಮುಗಿಯುವ ಮೊದಲು ಅಳಿಯನ ಪ್ಯಾಂಟಿನ ಗುಂಡಿ ನೆನಪಾಯಿತು.

ಅವನು ಆಫೀಸಿಗೆ ಹೋಗಿದ್ದ ದಿನ. ಊಟ ಕೊಟ್ಟು ತುಂಬ ಹೊತ್ತಾಗಿತ್ತು. ಮೇಲೆ ಮಗು ಅಳುತ್ತಿತ್ತು. ಎರಡೂ ಕಡೆ ಗೋಡೆ ಹಿಡಿದು ಹತ್ತಿದೆ. ಈ ಮನೆಗೆ ಬಂದ ಮೇಲೆ ಮೊದಲ ಸಲ. ಬಾಗಿಲ ಹೊರಗೆ ನಿಂತು ಎರಡು ಸಲ ಕೆಮ್ಮಿದೆ. ತಳ್ಳಿದೆ.

ಮಗು ತೊಟ್ಟಿಲಲ್ಲಿ ಕೆಂಪಗಾಗಿ ಕೂಗುತ್ತಿದೆ. ಶರ್ಮಿಳಾ ನೆಲದ ಮೇಲೆ, ಗೋಡೆಯ ಹೀಟರಿಗೆ ಬೆನ್ನು ಕೊಟ್ಟು ಕೂತಿದ್ದಾಳೆ. ಅಂಗಿ ಹಾಲಿನಲ್ಲಿ ಒದ್ದೆ. ಕಣ್ಣು ತೆರೆದೇ ಇದೆ. ಮಗುವಿನ ಕಡೆ ಇಲ್ಲ, ಕಿಟಕಿಯ ಕಡೆಯೂ ಇಲ್ಲ. ಪಕ್ಕದಲ್ಲಿ ನಾನು ಬೆಳಿಗ್ಗೆ ಕೊಟ್ಟ ಗಂಜಿ, ಮಧ್ಯಾಹ್ನ ಕೊಟ್ಟ ಅನ್ನ, ಎರಡೂ ಮುಚ್ಚಿದ ಹಾಗೇ ಇವೆ. ಸಂಜೆ ಬರುವವನಿಗಾಗಿ ಕಾಯುತ್ತಿವೆ.

ನನ್ನನ್ನು ನೋಡಿದಳು. ನೋಡಿ ಹೇಳಿದಳು, “ತುಂಬ ಚೆನ್ನಾಗಿತ್ತು ಅಪ್ಪ.”

ಅಕ್ಕ, ನಾನು ಹನ್ನೊಂದರ ವಯಸ್ಸಿಗೆ ಲೋಟ ತೊಳೆಯಲು ಘಟ್ಟ ಹತ್ತಿದವನು. ಸಾಲ ಕೇಳುವವನ ಮುಖ, ಬಿಲ್ಲು ಕೊಡದೆ ಹೋಗುವವನ ಮುಖ, ಹಳಸಿದ್ದು ತಿಂದವನ ಮುಖ, ಎಲ್ಲ ದೂರದಿಂದ ಓದುತ್ತೇನೆ ಎಂದು ಜಂಬ. ಒಂದು ತಿಂಗಳಿನಿಂದ ದಿನಕ್ಕೆ ಮೂರು ಸಲ ಆ ಮಾತು ಕೇಳಿಸಿಕೊಂಡೆ. ಯಾವ ಗಿರಾಕಿ ಹಾಗೆ ಹೇಳುತ್ತಾನೆ ಎಂದು ನಿಮಗೆ ನಾನೇ ಬರೆದಿದ್ದೆ.

ಮಗುವನ್ನು ಎತ್ತಿಕೊಂಡೆ. ಕುತ್ತಿಗೆ ಹಿಡಿಯುವುದು ಹೇಗೆ ಎಂದು ಕೈಗೆ ಮರೆತಿರಲಿಲ್ಲ. ಆಮೇಲೆ ನೆಲದ ಮೇಲೆ ಕೂತೆ. ಏನು ಮಾತಾಡುವುದು? ಪುಷ್ಪ ಊರಿನ ಸುದ್ದಿ ಹೇಳುತ್ತಿದ್ದಳು ಎಂದು ಬರೆದಿದ್ದೀರಿ. ನನಗೆ ಗೊತ್ತಿರುವುದು ಹೋಟೆಲಿನ ಸುದ್ದಿ. ಅನಂತರಾಮ ಹೊಸ ಗ್ರೈಂಡರಿಗೆ ಆರತಿ ಎತ್ತಿದ್ದನ್ನು ಹೇಳುತ್ತಾ, ಮುಚ್ಚಳ ತೆಗೆದು, ತಣ್ಣಗಾದ ಅನ್ನಕ್ಕೆ ತಣ್ಣಗಾದ ಸಾರು ಕಲಸಿ ಬಾಯಿಗಿಟ್ಟೆ.

ಏನು ಹೇಳಲಿ. ಉಪ್ಪಿಲ್ಲ, ಹುಳಿಯಿಲ್ಲ, ಬಾಯಿಗೆ ಮೆಣಸಿನ ಹುಡಿ ಅಂಟಿಕೊಂಡಿತು. ಇದನ್ನೇ ದಿನವೂ ಪಥ್ಯವೆಂದು ಮೇಲೆ ಕಳಿಸುತ್ತಿದ್ದೆ. ಒಂದು ಸಲವೂ ಕೂತು ಉಂಡು ನೋಡಿರಲಿಲ್ಲ. ಉಂಡು ಮುಗಿಸಿದೆ. ಅವಳು ನೋಡುತ್ತಿದ್ದಳು. ತಿನ್ನಲಿಲ್ಲ. ನಾನೂ ತಿನ್ನು ಎನ್ನಲಿಲ್ಲ. ಎದ್ದೇಳಲು ಮಾತ್ರ ಆಗಲಿಲ್ಲ, ಮೊಣಕಾಲು ಹಿಡಿದುಬಿಟ್ಟಿತ್ತು. ಮಗುವನ್ನು ಇಟ್ಟುಕೊಂಡು ಅಲ್ಲೇ ಕೂತಿದ್ದೆವು ಮೂವರೂ, ಅಳಿಯ ಬರುವವರೆಗೆ.

ಅವನು ಬಾಗಿಲಲ್ಲಿ ನಿಂತು ಖಾಲಿ ತಟ್ಟೆ ನೋಡಿದ. ಅವನ ಮುಖ ಸಪ್ಪಗಾಯಿತು.

“ಮಾವ, ಬಿಸಾಡ್ಲಿಕ್ಕೆ ಮನಸ್ಸು ಬರ್ಲಿಲ್ಲ.”

“ನನಗೆ ಹೇಳ್ಲಿಕ್ಕೆ ಎಂತ ಆಗಿತ್ತು?”

“ಆಣೆ ಹಾಕ್ಸಿದ್ಳು. ಅಪ್ಪ ಅಷ್ಟು ದೂರದಿಂದ ಬಂದು ಮಾಡ್ತಾರೆ, ಬೇಜಾರು ಮಾಡ್ಬಾರ್ದು ಅಂತ. ನಾಳೆ ಸರಿಯಾಗ್ತಾಳೆ, ನಾಳೆ ಸರಿಯಾಗ್ತಾಳೆ ಅಂದ್ಕೊಂಡು…” ಎಂದವನು ಬಾಗಿಲಿಗೆ ಒರಗಿ ಅತ್ತುಬಿಟ್ಟ. ಪಾಪ, ಒಂದು ತಿಂಗಳು ಎರಡು ಊಟ ಮಾಡಿ ಸುಸ್ತಾಗಿದ್ದಾನೆ. ಅವಳು ಬ್ರೆಡ್ಡಿನ ಚೂರು, ಕಪ್ಪು ಕಾಫಿ, ಅಷ್ಟರಲ್ಲೇ ಇದ್ದಾಳೆ.

ನಾನು ಹೊರಡಬೇಕಾದ್ದು ಫೆಬ್ರವರಿ ಎರಡಕ್ಕೆ. ವೀಸಾ ಅಷ್ಟೇ. ಅಷ್ಟರಲ್ಲಿ ಇವಳನ್ನು ಹೇಗೆ ಎಬ್ಬಿಸುವುದು? ದಿನವೂ ಮೇಲೆ ಹೋಗಿ ಕೂತು ಉಣ್ಣುತ್ತಿದ್ದೇನೆ. ಇದಕ್ಕಿಂತ ಹೆಚ್ಚಿನದು ನನಗೆ ಗೊತ್ತಿಲ್ಲ.

ರಮಾನಾಥ


ಕಾರ್ಕಳ
ಜನವರಿ ೬, ೨೦೨೫

ಭಾವನಿಗೆ,

ಓದಿದೆ. ಊಹೆ ಸುಳ್ಳಾಗಲಿಲ್ಲ. ಅಡಿಗೆಮನೆಗೆ ಹೋಗಿ ಸ್ವಲ್ಪ ಹೊತ್ತು ಕೂತು ಬಂದೆ. ಸೊಸೆ ಕೇಳಿದಳು, ಹೊಗೆ ಎಂದೆ. ನಮ್ಮ ಮನೆಯಲ್ಲಿ ಗ್ಯಾಸ್ ಒಲೆ.

ಇದು ತಲುಪುವಾಗ ಅವಳನ್ನು ಡಾಕ್ಟರಲ್ಲಿಗೆ ಕರೆದುಕೊಂಡು ಹೋಗಿ ಆಗಿರಬೇಕು. ಆಗಿಲ್ಲದಿದ್ದರೆ ಪತ್ರ ಇಲ್ಲೇ ಮಡಚಿ, ಈಗಲೇ ಹೋಗಿ. ಇದು ಸಾರಿನಿಂದ ವಾಸಿಯಾಗುವುದಲ್ಲ. ನನ್ನ ಕಾಲದಲ್ಲಿ ಇದಕ್ಕೆ ಹೆಸರಿರಲಿಲ್ಲ, ದೆವ್ವದ ಸೋಂಕು ಎಂದು ನೂಲು ಕಟ್ಟಿದರು. ಬೆಕ್ಕು, ನೂಲು, ನಿಮ್ಮ ಪುಷ್ಪ ಎಲ್ಲ ಸೇರಿಯೂ ನಾನು ಮನುಷ್ಯಳಾಗಲು ವರ್ಷ ಹಿಡಿಯಿತು. ಶರ್ಮಿಳಾ ಅಷ್ಟು ಕಾಯಬೇಕಾಗಿಲ್ಲ. ಡಾಕ್ಟರ ಎದುರು ಅವಳು “ಎಲ್ಲ ಸರಿ ಇದೆ” ಎನ್ನುತ್ತಾಳೆ. ನೀವು ಬಾಯಿ ಬಿಡಿ.

ಅವಳಿಗೆ ಧೈರ್ಯ ಹೇಳಬೇಡಿ. ಅಮ್ಮನಾಗಿದ್ದೀ, ಗಟ್ಟಿಯಾಗು ಎನ್ನಬೇಡಿ. ಮೇಲೆ ಹೋಗಿ ಕೂರುವುದನ್ನು ಬಿಡಬೇಡಿ.

ಹೊರಡುವ ದಿನದ ಬಗ್ಗೆ ಈಗ ಯೋಚಿಸಬೇಡಿ. ಅವಳನ್ನು ಎಬ್ಬಿಸುವುದು ನಿಮ್ಮ ಕೆಲಸವಲ್ಲ. ಏಳುವಾಗ ಹತ್ತಿರ ಇರುವುದು ನಿಮ್ಮ ಕೆಲಸ.

ವಾಸಂತಿ


ವೆಲ್ಡ್‌ಹೋವನ್
ಜನವರಿ ೧೦, ೨೦೨೫

ಪ್ರೀತಿಯ ದೊಡ್ಡಮ್ಮ,

ಅಪ್ಪ ನಿಮಗೆ ಬರೆಯುತ್ತಿದ್ದಾರೆಂದು ನನಗೆ ಗೊತ್ತಿತ್ತು. ಮೊದಲ ಕಾಗದಕ್ಕೆ ಅಂಚೆ ಚೀಟಿ ಎಲ್ಲಿ ಸಿಗುತ್ತದೆಂದು ವಿಖ್ಯಾತನಿಗೆ ಪಿಸುಗುಟ್ಟಿ ಕೇಳಿದ್ದರು. ಅಪ್ಪನ ಪಿಸುಮಾತು ಎರಡು ಮನೆಯಾಚೆಗೆ ಕೇಳುತ್ತದೆ. ಬೆಕ್ಕಿನ ಕಥೆಯ ಪತ್ರವನ್ನು ಅವರೇ ನನ್ನ ಕೈಗೆ ಕೊಟ್ಟರು. ಕೊಟ್ಟು ಮಗುವಿನ ಬಟ್ಟೆ ಮಡಚುತ್ತಾ ಕೂತರು. ದೊಡ್ಡಮ್ಮ, ಅದು ನಿಜವೇ? ಅಮ್ಮ ನನಗೆ ಹೇಳಿರಲೇ ಇಲ್ಲ.

ಬರೆಯಲು ಸುಸ್ತು. ಕಡಿಮೆ ಬರೆಯುತ್ತೇನೆ.

ಹೋದ ತಿಂಗಳ ಕೊನೆಗೆ ಸೂಲಗಿತ್ತಿಯ ಹತ್ತಿರ ಹೋಗಬೇಕಿತ್ತು, ಕೊನೆಯ ತಪಾಸಣೆಗೆ. ಅಪ್ಪ ಮಗುವನ್ನು ಎತ್ತಿಕೊಂಡು ಬಂದಿದ್ದರು. ಆಕೆ ಹೇಗಿದ್ದೀ ಎಂದು ಡಚ್ಚಿನಲ್ಲಿ ಕೇಳಿದಳು. ಚೆನ್ನಾಗಿದ್ದೇನೆ ಎಂದೆ. ಊಟ? ಚೆನ್ನಾಗಿದೆ. ನಿದ್ದೆ? ಚೆನ್ನಾಗಿದೆ. ಅಪ್ಪನಿಗೆ ಆ ಭಾಷೆಯ ಒಂದು ಪದವೂ ಬರುವುದಿಲ್ಲ. ಆದರೆ ಎದ್ದು ನಿಂತು, ಹುಬ್ಬಳ್ಳಿ ಇಂಗ್ಲಿಷಿನಲ್ಲಿ, “ಮೇಡಂ, ಶಿ ಈಸ್ ಗಿವಿಂಗ್ ಕಸ್ಟಮರ್ ಆನ್ಸರ್” ಎಂದರು.

ಆಕೆಗೆ ತಿಳಿಯಲಿಲ್ಲ. ಅಪ್ಪ ವಿವರಿಸಿದರು. ಹೋಟೆಲು, ಗಿರಾಕಿ, ಉಪ್ಪು, ಖಾಲಿ ತಟ್ಟೆ, ವಿಖ್ಯಾತನ ಹೊಟ್ಟೆ. ಹೊಟ್ಟೆಯನ್ನು ಕೈಯಿಂದ ತೋರಿಸಿದರು, ಮಗುವನ್ನು ಎತ್ತಿಕೊಂಡೇ. ಆಕೆ ಪೆನ್ನು ಕೆಳಗಿಟ್ಟು ನನ್ನ ಕಡೆ ತಿರುಗಿದಳು. ನನಗೆ ಅಳು ಬಂತು. ನಿಲ್ಲಲಿಲ್ಲ. ಹೊರಗೆ ಕಾಯುತ್ತಿದ್ದವರಿಗೂ ಕೇಳಿಸಿರಬೇಕು.

ಅಪ್ಪನಿಗೆ ಹೇಳದ್ದನ್ನು ಆಕೆಗೆ ಹೇಳಿದೆ. ನಿಮಗೂ ಹೇಳುತ್ತೇನೆ. ಮಗುವನ್ನು ನೋಡಿದರೆ, ಬಸ್‌ಸ್ಟ್ಯಾಂಡಿನಲ್ಲಿ ಯಾರೋ “ಇದನ್ನು ಸ್ವಲ್ಪ ನೋಡ್ಕೊಳ್ಳಿ” ಎಂದು ಕೊಟ್ಟು ಹೋದ ಗಂಟಿನ ಹಾಗೆ ಅನಿಸುತ್ತಿತ್ತು. ಬಿಟ್ಟು ಹೋಗುವ ಹಾಗಿಲ್ಲ, ನನ್ನದೂ ಅಲ್ಲ. ಅವರು ಬರಲಿ ಎಂದು ಕಾಯುತ್ತಿದ್ದೆ. ಯಾರು ಬರಬೇಕಿತ್ತು, ದೊಡ್ಡಮ್ಮ? ಇಷ್ಟೇ ಗೊತ್ತು, ಅಪ್ಪನ ಮೆಂತ್ಯದ ವಾಸನೆ ಮೇಲೆ ಬಂದರೆ ಕಾಲಿನ ಸದ್ದು ಅಮ್ಮನದೇ ಎಂದು ಒಂದು ಕ್ಷಣ ಅನಿಸುತ್ತಿತ್ತು. ಆಮೇಲೆ ಗಂಟಲು ಮುಚ್ಚುತ್ತಿತ್ತು.

ಈಗ ವಾರಕ್ಕೊಮ್ಮೆ ಒಬ್ಬ ಹೆಂಗಸಿನ ಹತ್ತಿರ ಮಾತಾಡಲು ಹೋಗುತ್ತೇನೆ. ಡಾಕ್ಟರು ಒಂದು ಮಾತ್ರೆಯನ್ನೂ ಕೊಟ್ಟಿದ್ದಾರೆ. ಅಪ್ಪ ಮಧ್ಯಾಹ್ನ ಬಂದು ಎದುರು ಕೂತು ಉಣ್ಣುತ್ತಾರೆ, ಏಳಲು ಆಗದೆ ಒದ್ದಾಡುತ್ತಾರೆ, ನಾನು ಕೈ ಕೊಟ್ಟು ಎಬ್ಬಿಸಬೇಕು. ನಿನ್ನೆ ಅವರ ತಟ್ಟೆಯಿಂದ ಎರಡು ತುತ್ತು ತಿಂದೆ.

ಗುಣವಾಗಿದ್ದೇನೆ ಎಂದು ಬರೆಯುವುದಿಲ್ಲ. ಅದು ಗಿರಾಕಿಯ ಉತ್ತರ.

ನಿಮ್ಮ,
ಶರ್ಮಿಳಾ


ವೆಲ್ಡ್‌ಹೋವನ್
ಜನವರಿ ೩೦, ೨೦೨೫

ವಾಸಂತಿ ಅಕ್ಕನಿಗೆ ನಮಸ್ಕಾರ.

ಈ ಕಾಗದಕ್ಕಿಂತ ಮೊದಲು ನಾನೇ ಊರು ಸೇರುತ್ತೇನೆ. ಆದರೂ ಬರೆಯುತ್ತಿದ್ದೇನೆ. ನೀವು ಮುಂದಿನದನ್ನು ಈಗಲೇ ಬರೆಯುತ್ತೀರಿ, ನಾನು ಇಂದಿನದನ್ನು ಮುಂದೆ ಓದಲು ಬರೆಯುತ್ತೇನೆ.

ಬರುವ ಭಾನುವಾರ ಹೊರಡುವುದು. ಸೂಟ್‌ಕೇಸು ಎರಡೂ ಹಗುರ. ನಾನು ಮಾತ್ರ ಭಾರ. ಸೊಂಟ, ಮೊಣಕಾಲು, ಹೆಗಲು, ಯಾವುದೂ ಬಂದಾಗಿನದಲ್ಲ. ಎರಡು ಮದುವೆಯ ಅಡಿಗೆ ಒಟ್ಟಿಗೆ ಬಂದ ವರ್ಷವೂ ಇಷ್ಟು ದಣಿದಿರಲಿಲ್ಲ. ಹೆಂಗಸರು ಇದನ್ನು ಮಾಡಿ ಮುಗಿಸಿ, ಏನೂ ಮಾಡಿಲ್ಲ ಎಂಬಂತೆ ಸೆರಗು ಕೊಡವಿ ಬಸ್ಸು ಹತ್ತುತ್ತಾರಲ್ಲ.

ಅಳಿಯ ಈಗ ಒಂದೇ ಊಟ ಮಾಡುತ್ತಾನೆ. ನಾನು ಹೋದ ಮೇಲೆ ಮಧ್ಯಾಹ್ನ ಅವಳ ಎದುರು ಯಾರು ಕೂರುವುದು ಎಂದು ಕೇಳಿದೆ. ವಾರದಲ್ಲಿ ಎರಡು ದಿನ ಮನೆಯಲ್ಲೇ ಕೆಲಸ ಮಾಡುತ್ತಾನೆ, ಆಗ ತಾನು ಕೂರುತ್ತೇನೆ ಎಂದ. ಉಳಿದ ಮೂರು ದಿನದಲ್ಲಿ ಒಂದು ದಿನ ಹೆನ್ನಿ ಬರುತ್ತೇನೆಂದಿದ್ದಾಳೆ, ಕೆಲಸಕ್ಕಲ್ಲ, ಹಾಗೇ. ಇನ್ನೆರಡು ದಿನಕ್ಕೆ ಜನ ಸಿಕ್ಕಿಲ್ಲ. ಅದೇ ಚಿಂತೆಯಲ್ಲಿ ಇಂದು ಬೆಳಿಗ್ಗೆ ಸಾರು ಮಾಡುತ್ತಿದ್ದೆ.

ಹಿಂದಿನಿಂದ ಮೆಟ್ಟಿಲು ಸದ್ದಾಯಿತು. ಶರ್ಮಿಳಾ ಇಳಿದು ಬರುತ್ತಿದ್ದಳು, ಮಗುವನ್ನು ಹೆಗಲಿಗೆ ಹಾಕಿಕೊಂಡು. ಆ ಏಣಿಯಲ್ಲಿ ಮಗುವನ್ನು ಎತ್ತಿಕೊಂಡು! ಅವಳು ಮಗುವಿನ ತಲೆಗೆ ಕೈ ಅಡ್ಡ ಕೊಟ್ಟುಕೊಂಡು, ಗೋಡೆಗೆ ತಾಗದ ಹಾಗೆ, ಒಂದೊಂದೇ ಮೆಟ್ಟಿಲು ಇಳಿದಳು. ಯಾರದೋ ಗಂಟು ಹಿಡಿದವರು ಹಾಗೆ ಇಳಿಯುವುದಿಲ್ಲ ಅಕ್ಕ. (ಅವಳು ನಿಮಗೆ ಏನು ಬರೆದಳೆಂದು ಅಂಚೆಗೆ ಹಾಕುವ ಮೊದಲು ನನಗೆ ಓದಿ ಹೇಳಿದ್ದಳು.)

ಒಲೆಯ ಹತ್ತಿರ ಬಂದಳು. ನನ್ನ ಕೈಯಿಂದ ಸೌಟು ಕಿತ್ತುಕೊಂಡು, ಅಂಗೈಗೆ ಎರಡು ಹನಿ ಬಿಟ್ಟು ನೆಕ್ಕಿದಳು. ಮುಖ ಹಿಂಡಿದಳು.

“ಅಪ್ಪ, ಇದು ಸಾರಾ?”

“ಹೌದು ಮಗ.”

“ಇದನ್ನು ಹುಬ್ಬಳ್ಳಿಯಲ್ಲಿ ಬಡಿಸಿದ್ರೆ ಹೋಟೆಲಿಗೆ ಕಲ್ಲು ಬೀಳ್ತಿತ್ತು. ಉಪ್ಪು ಎಲ್ಲುಂಟು ಇದ್ರಲ್ಲಿ? ಬೆಳ್ಳುಳ್ಳಿ ಕರಟಿ ಹೋಗಿದೆ. ಎಂಬತ್ತು ದಿನದಿಂದ ಇದನ್ನೇ ತಿನ್ನಿಸ್ತಾ ಇದ್ದೀರಲ್ಲ, ನಿಮಗೆ ಕರುಣೆ ಇಲ್ವಾ? ಅಮ್ಮ ಇದ್ದಿದ್ರೆ ಪಾತ್ರೆ ಸಮೇತ ಹೊರಗೆ ಇಡ್ತಿದ್ಳು. ಮತ್ತೆ ಆ ಅನಂತರಾಮನ ಗ್ರೈಂಡರ್ ಕಥೆ ಇನ್ನೊಂದು ಸಲ ಹೇಳಿದ್ರೆ ನಾನು ಕಿವಿಗೆ ಹತ್ತಿ ಇಟ್ಕೊಳ್ತೇನೆ.”

ಇಷ್ಟು ಉದ್ದದ ಮಾತು ಅವಳ ಬಾಯಿಂದ ಈ ಮನೆಯಲ್ಲಿ ಕೇಳಿದ್ದು ಇದೇ ಮೊದಲು. ಬೈಯುತ್ತಲೇ ಡಬ್ಬಿ ತೆರೆದು ಉಪ್ಪು ಹಾಕಿದಳು, ಕಲಕಿದಳು, ಮತ್ತೆ ನೆಕ್ಕಿದಳು, ಮತ್ತೆ ಬೈದಳು. ಮಗು ಅವಳ ಹೆಗಲ ಮೇಲಿಂದ ನನ್ನನ್ನೇ ನೋಡುತ್ತಿತ್ತು, ಇವನೇನಾ ಅಡಿಗೆಯವನು ಎಂಬಂತೆ. ನಾನು ಒಲೆಯ ಕಡೆ ತಿರುಗಿ ನಿಂತೆ. ಹೊಗೆ. ಇಲ್ಲಿ ಕರೆಂಟಿನ ಒಲೆ.

ಗಲ್ಲಾದ ಮೇಲೆ ಕೂತವನು ದೂರು ಬಂದಾಗ ಏನು ಮಾಡಬೇಕೋ ಅದನ್ನೇ ಮಾಡಿದೆ. ತಪ್ಪಾಯಿತು ಎಂದೆ, ನಾಳೆ ಸರಿ ಮಾಡುತ್ತೇನೆ ಎಂದೆ.

ಇನ್ನು ಎರಡು ದಿನದ ಅಡಿಗೆ ಬಾಕಿ ಇದೆ ಅಕ್ಕ. ಹೊರಡುವವರೆಗೆ ಉಪ್ಪು ಕಡಿಮೆಯೇ ಹಾಕುತ್ತೇನೆ.

ನಿಮ್ಮ,
ರಮಾನಾಥ